ಮುರ್ತುಜಸಾಬರು ಹಲ್ಲು ಕುದಿಸಿದ್ದು

"ಐವತ್ತ ವರ್ಷ ರೇಷ್ಮಿ ಅಂಟು ಬಿಡಿಸಿದ ಕೈ ಇದು. ಇಷ್ಟಗಲ ಹಲ್ಲಿನ ಸೆಟ್ಟಿಗೆ ಹೆದರತೈತೇನು?"

ಇಳಕಲ್ಲಿನ ಬಣ್ಣಗಾರ ಮುರ್ತುಜಸಾಬರು ಹೀಗೆ ಗುಡುಗಿದಾಗ ಹಲ್ಲಿನ ಸೆಟ್ಟು ಅವರ ಅಂಗೈಯಲ್ಲಿತ್ತು. ಹಾಗಾಗಿ ಅರ್ಧ ಘೋಷಣೆ ಗಾಳಿಯಲ್ಲೇ ಹೋಯಿತು. ಹೆಂಡತಿ ಬಿಬಿಜಾನ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

ವಿಷಯ ಸಣ್ಣದಲ್ಲ. ಮರುದಿನ ಅವರ ಮದುವೆಗೆ ಐವತ್ತು ತುಂಬುತ್ತಿತ್ತು. ಮದುವೆಯಾದ ದಿನ ಬಾಗಲಕೋಟೆಯಿಂದ ಮದುಮಗಳನ್ನು ಕರೆತರುವಾಗ ಬಸ್ಸು ಅಮೀನಗಡದಲ್ಲಿ ನಿಂತಿತ್ತು. ಮದುಮಗ ಇಳಿದು ಆ ಊರಿನ ಹೆಸರುವಾಸಿ ಗಟ್ಟಿ ಸಿಹಿ ಕರದಂಟು ತಂದು, ಹಲ್ಲಿನಿಂದಲೇ ಕಟಕ್ಕನೆ ಮುರಿದು ಅರ್ಧ ಕೊಟ್ಟಿದ್ದರು. ಅದನ್ನು ಬಾಯಿಗಿಟ್ಟು ತಲೆ ತಗ್ಗಿಸಿದವಳು ಊರು ಬರುವವರೆಗೂ ಒಂದು ಮಾತೂ ಆಡಲಿಲ್ಲ. "ನಮ್ಮಾಕಿ ಭಾಳ ನಾಚಿಕಿ ಸ್ವಭಾವದಾಕಿ" ಎಂದು ಸಾಬರು ಊರೆಲ್ಲ ಹೇಳಿಕೊಂಡು ತಿರುಗಿದರು. ಅಂದಿನಿಂದ ಪ್ರತಿವರ್ಷ ಆ ದಿನ ಕರದಂಟು ಅವರ ಹಲ್ಲಿನಿಂದಲೇ ಮುರಿಯಬೇಕು. ಕಟ್ಟಿಸಿದ ಹಲ್ಲು ಬಂದ ಮೇಲೂ ಬಿಟ್ಟಿರಲಿಲ್ಲ. ಆ ಒಂದು ಕ್ಷಣ ಅವರು ಮತ್ತೆ ಬಸ್ಸಿನಲ್ಲಿ ಕೂತ ಹುಡುಗನಾಗುತ್ತಿದ್ದರು.

ಈ ವರ್ಷ ವಸಡು ಬಾತು ಕೂತಿತ್ತು. ಹಲ್ಲಿನ ಡಾಕ್ಟರ್ ಆಫ್ರೀನ ಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ್ದರು.

"ಚಾಚಾ, ಇದರ ಮ್ಯಾಲ ಕ್ರಿಮಿಗೋಳು ಸಂಸಾರ ಹೂಡ್ಯಾವ. ಸುತ್ತಲೂ ಅಂಟಿನ ಪದರಾ ಕಟ್ಕೊಂಡಾವ. ಬರೇ ಬಾಯಿ ಮುಕ್ಕಳಿಸಿದ್ರ ಕದಲಂಗಿಲ್ಲ. ದಿನಾ ಮೆತ್ತನ್ನ ಬ್ರಶ್ಶಿಲೆ..."

"ಅಂಟು ಹೌದಲ್ಲ? ಬಿಡವಾ, ಅದು ನನ್ನ ಕಸಬು" ಎಂದು ಸಾಬರು ಎದ್ದುಬಂದಿದ್ದರು.

ಕಸಬಿನಲ್ಲಿ ಅಂಟಿಗೆ ಒಂದೇ ಮದ್ದು. ಹಸಿ ರೇಷ್ಮೆಯನ್ನು ಸಾಬೂನು, ಸೋಡಾ ಹಾಕಿ ಕುದಿಸುವುದು. ಅಟ್ಟದಿಂದ ಬಣ್ಣ ಕಾಸುತ್ತಿದ್ದ ಹಳೆಯ ಪಾತೇಲಿ ಇಳಿಯಿತು, ಒಲೆ ಹತ್ತಿತು. ಆ ಹಬೆ ಮೂಗಿಗೆ ತಾಗಿದ್ದೇ ತಡ, ಅಪ್ಪನ ಅಂಗಳ, ಹಗ್ಗದ ಮೇಲೆ ಒಣಗುತ್ತಿದ್ದ ಕೆಂಪು ನೂಲು, ಓಣಿ ತುಂಬ ಮಗ್ಗದ ಸದ್ದು ಎಲ್ಲ ಒಟ್ಟಿಗೇ ಬಂದು ಕಣ್ಣು ತೇವವಾಯಿತು. ಆ ನೆನಪಿನಲ್ಲಿ ಹಲ್ಲು ಅರ್ಧ ತಾಸು ಹೆಚ್ಚೇ ಕುದಿಯಿತು.

"ರೀ, ಏನ ಕುದಸಾಕತ್ತೀರಿ?"

"ಹಲ್ಲು."

"ಉಪ್ಪು ಹಾಕೀರೇನು?"

ಸೆಟ್ಟು ಹೊರಬಂತು. ಕ್ರಿಮಿಗಳ ಸಂಸಾರ ಮುಳುಗಿರಬೇಕು, ಆದರೆ ಸೆಟ್ಟೂ ಉಳಿದಿರಲಿಲ್ಲ. ಕರಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಪಾತೇಲಿಯ ತಳಕ್ಕೆ ಹಿಡಿದಿದ್ದ ಹಳೆಯ ಬಣ್ಣ ಬಿಟ್ಟು ಹಲ್ಲೆಲ್ಲ ಇಳಕಲ್ ಸೀರೆಯ ಸೆರಗಿನ ಕೆಂಪಾಗಿದ್ದವು.

ಬಿಬಿಜಾನ ಬಗ್ಗಿ ನೋಡಿದರು. "ಸೆರಗು ಚೊಲೋ ಆಗೈತಿ. ಸೀರಿ ಎಲ್ಲೈತಿ?"

ಮರುದಿನ ತಟ್ಟೆಯಲ್ಲಿ ಕರದಂಟು ಬಂತು. ಬೊಚ್ಚುಬಾಯಿಯ ಸಾಬರು ಅದನ್ನೇ ನೋಡುತ್ತ ಕೂತರು.

"ಈ ಸಲ ಮುರದು ಕೊಡಾಕ ಆಗಲಿಲ್ಲ ನೋಡು" ಎನ್ನುವಾಗ ಅವರಿಗೆ ನಿಜಕ್ಕೂ ಅಳು ಬಂದಿತ್ತು.

ಬಿಬಿಜಾನ ತಮ್ಮ ಹಲ್ಲಿನಿಂದಲೇ ಕಟಕ್ಕನೆ ಮುರಿದು ಅರ್ಧವನ್ನು ಅವರ ಬಾಯಿಗಿಟ್ಟರು. "ಜಗೀಬ್ಯಾಡ್ರಿ. ದವಡ್ಯಾಗ ಇಟ್ಕೊಂಡ ಸುಮ್ಮ ಕುಂದರ್ರಿ, ತಾನ ಕರಗತೈತಿ."

"ನಿನಗ ಹೆಂಗ ಗೊತ್ತು?" ಎಂದು ಸಾಬರು ಕರದಂಟಿನ ಸಂದಿಯಿಂದಲೇ ತೊದಲಿದರು.

"ಮದವಿ ದಿನ ನನ್ನ ದವಡಿ ಹಲ್ಲು ಭಾಳ ನೋಯತಿತ್ರಿ. ಅಮೀನಗಡದಿಂದ ಇಳಕಲ್ ತನಕಾ ಹಂಗ ಇಟ್ಕೊಂಡ ಕೂತಿದ್ದೆ."

ಸಾಬರಿಗೆ ಕೇಳುವುದು ಬೇಕಾದಷ್ಟಿತ್ತು. ಆದರೆ ಬಾಯಲ್ಲಿ ಕರದಂಟಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಶಿವಬಸವ್ವ ಶುಭ ಹೇಳಲು ಬಂದಳು.

"ಯಾಕವಾ, ಸಾಬರು ಮಾತಾಡವಲ್ರು?"

"ಅವರು ಭಾಳ ನಾಚಿಕಿ ಸ್ವಭಾವದವರು" ಎಂದರು ಬಿಬಿಜಾನ.