ನೂರಿಪ್ಪತ್ತೈದು ಮೈಕ್ರಾನಿನ ಜೋಪಾನ

ತಪಾಸಣೆ ಎಂಬುದು ನನ್ನ ರಕ್ತದಲ್ಲೇ ಇದೆ ಸ್ವಾಮೀ! ಈ ಅರಬ್ ನಾಡಿನ ಸೂರ್ ಊರಿನಾಚೆ ಸಮುದ್ರದ ದಡದಲ್ಲಿರುವ ಗ್ಯಾಸ್ ಪ್ಲಾಂಟಿನಲ್ಲಿ ಪೈಪುಗಳ ಬೆಸುಗೆ ನೋಡಿ ‘ಪಾಸು’, ‘ರಿಜೆಕ್ಟು’ ಎಂದು ಬರೆಯುವುದು ನನ್ನ ಉದ್ಯೋಗ. ಕೂದಲೆಳೆಯಷ್ಟು ಬಿರುಕಿದ್ದರೂ ಈ ಕಣ್ಣಿನಿಂದ ತಪ್ಪಿಸಿಕೊಂಡದ್ದಿಲ್ಲ. ನಾನು ಆರಿಸಿ ತಂದ ತೆಂಗಿನಕಾಯಿ ಮಾತ್ರ ಹತ್ತರಲ್ಲಿ ಎಂಟು ಕೊಳೆತಿರುತ್ತವೆ ಎಂದು ನನ್ನ ಹೆಂಡತಿ ಸುಮ ಹೇಳುತ್ತಾಳೆ. ಹೇಳಲಿ ಬಿಡಿ. ತೆಂಗಿನಕಾಯಿಗೆ ಎಕ್ಸ್‌ರೇ ತೆಗೆಯುವ ಸೌಲಭ್ಯ ಇಲ್ಲಿನ ಸೂಕ್ ಮಾರುಕಟ್ಟೆಗೆ ಇನ್ನೂ ಬಂದಿಲ್ಲ.

ಇಂಥ ನನ್ನ ಪಕ್ಕದ ಟೇಬಲ್ಲಿನಲ್ಲಿ ಡೇವ್ ಎಂಬ ಅಮೆರಿಕನ್ ಸೂಪರ್‌ವೈಸರ್ ಇದ್ದ. ಒಂದು ದಿನ ಕ್ಯಾಂಟೀನಿನಲ್ಲಿ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿದ್ದ ಒಂದು ರಟ್ಟಿನ ಚೂರು ತೋರಿಸಿದ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದರ ಮೇಲೆ ದೊಣ್ಣೆ ಹಿಡಿದು ಹಲ್ಲು ಕಿರಿಯುತ್ತಿರುವ ಹುಡುಗನ ಚಿತ್ರ.

“ಬೇಸ್‌ಬಾಲ್ ಆಟಗಾರ. ಇದು ಅವನು ಆಡಲು ಬಂದ ಮೊದಲ ವರ್ಷದ ಕಾರ್ಡು, ರೂಕಿ ಕಾರ್ಡ್. ಹಳೆಯದಾದಷ್ಟೂ ಬೆಲೆ ಜಾಸ್ತಿ. ತಜ್ಞರು ಪರೀಕ್ಷಿಸಿ ಹತ್ತಕ್ಕೆ ಎಂಟು ಅಂತ ಗ್ರೇಡ್ ಕೊಟ್ಟಿದ್ದಾರೆ,” ಎಂದ. ಆಮೇಲೆ ಅದರ ಬೆಲೆ ಹೇಳಿದ. ನಾನು ಕೈಯಲ್ಲಿದ್ದ ಪರೋಟವನ್ನು ತಟ್ಟೆಗಿಟ್ಟೆ.

“ಗ್ರೇಡ್ ಆಗದೆ ಇದ್ದರೆ?”

“ಅಗ್ಗಕ್ಕೆ ಸಿಗುತ್ತವೆ. ಇಂಟರ್‌ನೆಟ್ಟಿನಲ್ಲಿ ರಾಶಿ ರಾಶಿ ಮಾರುತ್ತಾರೆ. ಹೆಚ್ಚಿನದು ಕಸ. ಕಣ್ಣಿದ್ದವನಿಗೆ ಚಿನ್ನವೂ ಸಿಗಬಹುದು.”

ಕಣ್ಣಿದ್ದವನಿಗೆ! ಇಡೀ ಸೂರ್‌ನಲ್ಲಿ ಕಣ್ಣಿಗೇ ಸಂಬಳ ತೆಗೆದುಕೊಳ್ಳುವವನು ನಾನೊಬ್ಬನೇ ಅಲ್ಲವೇ? ಆ ಸಂಜೆಯೇ ಕಂಪ್ಯೂಟರಿನ ಮುಂದೆ ಕುಳಿತೆ. ಫೋನ್ ಲೈನು ಕಿರಿಕಿರಿ ಎಂದು ಅತ್ತು ಕೊನೆಗೂ ಅಮೆರಿಕ ತೆರೆದುಕೊಂಡಿತು. ‘ಗ್ರೇಡ್ ಆಗದ ಹಳೇ ರೂಕಿ ಕಾರ್ಡುಗಳು, ಆರುನೂರು, ಒಂದೇ ಲಾಟು!’ ನೋಡಿದ ಕೂಡಲೇ ಹರಾಜು ಕೂಗಿದೆ, ಗೆದ್ದೆ. ನನ್ನ ಎದುರು ಕೂಗಿದವರು ಯಾರೂ ಇರಲಿಲ್ಲ ಎಂಬುದನ್ನು ಆಗ ನಾನು ಶುಭಶಕುನ ಎಂದುಕೊಂಡೆ.

ಇಲ್ಲೊಂದು ಸಣ್ಣ ವಿಷಯ ಹೇಳಬೇಕು. ಹಾಗೆ ಖರ್ಚಾದದ್ದು ವಾಷಿಂಗ್ ಮಷೀನಿನ ದುಡ್ಡು. ನಮ್ಮ ಹಳೆ ಮಷೀನು ಹದಿನೈದು ದಿನದ ಹಿಂದೆ ಕೊನೆಯುಸಿರೆಳೆದಿತ್ತು. ಸುಮ ಬಕೆಟ್ಟಿನಲ್ಲೇ ನನ್ನ ಪ್ಲಾಂಟಿನ ದಪ್ಪ ಯೂನಿಫಾರ್ಮುಗಳನ್ನು ತಿಕ್ಕಿ ತಿಕ್ಕಿ, ರಾತ್ರಿ ಊಟವಾದ ಮೇಲೆ ಬೆರಳ ಸಂದಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಹೊಸದನ್ನು ಅಂಗಡಿಯಲ್ಲಿ ಆರಿಸಿಯೂ ಇಟ್ಟಿದ್ದಳು.

“ದುಡ್ಡು ಎಲ್ಲಿ ಹೋಯ್ತು ರೀ?” ಎಂದಳು.

ಎಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. “ಅಂದ್ರೆ, ಹೊಸಬನಾಗಿದ್ದಾಗಿನ ಫೋಟೋಗೆ ಬೆಲೆ, ಆಮೇಲಿನದಕ್ಕಿಲ್ಲ. ಹಾಗಾದ್ರೆ ನಮ್ಮ ಮದುವೆ ಆಲ್ಬಮ್ಮಿಂದ ನಿಮ್ಮದೊಂದು ಮಾರಬಹುದಿತ್ತಲ್ಲ? ಆಗ ನಿಮ್ಮ ತಲೆ ತುಂಬ ಕೂದಲಿತ್ತು!”

“ಒಂದೇ ಒಂದು ಕಾರ್ಡು ಗಿಟ್ಟಿದರೆ ಸಾಕು. ಒಗೆದು ಒಣಗಿಸಿ ಕೊಡುವ ಮಷೀನೇ ತರುತ್ತೇನೆ.”

“ಕೂಸು ಹುಟ್ಟೋಕೆ ಮುಂಚೆ ಕುಲಾವಿ! ಅಲ್ಲೀ ತನಕ ಒಗೆಯೋರು ಯಾರು?”

ಆತ್ಮವಿಶ್ವಾಸ ಉಕ್ಕಿದಾಗ ಮನುಷ್ಯ ಬಾಯಿ ಮುಚ್ಚಿಕೊಂಡಿರಬೇಕು. ನಾನು ಎದ್ದು ನಿಂತು, ಬಲಗೈ ಮೇಲೆತ್ತಿ, “ಮಷೀನು ಬರುವ ತನಕ ಈ ಮನೆಯ ಬಟ್ಟೆಯನ್ನೆಲ್ಲ ನಾನೇ ಒಗೆಯುತ್ತೇನೆ!” ಎಂದು ಘೋಷಿಸಿದೆ. ಸುಮ ಆ ಕ್ಷಣವೇ ಬಕೆಟ್ಟು ತಂದು ನನ್ನ ಕಾಲ ಬಳಿ ಇಟ್ಟಳು.

ಐದು ವಾರ ಒಗೆದೆ. ಕೊನೆಗೆ ಪಾರ್ಸೆಲ್ ಬಂತು. ಅಂಚೆ ಕಚೇರಿಯ ಹಿರಿಯ ಅರಬ್ ಅಧಿಕಾರಿ ಪೆಟ್ಟಿಗೆ ಬಿಚ್ಚಿಸಿ ಒಂದೊಂದೇ ಕಾರ್ಡು ತಿರುಗಿಸಿ ನೋಡಿ, “ಯೇ ಲೋಗ್ ಕೌನ್ ಹೈ?” ಇವರೆಲ್ಲ ಯಾರು ಎಂದು ಹಿಂದಿಯಲ್ಲಿ ಕೇಳಿದರು.

“ಖಿಲಾಡಿ ಹೈ ಸಾಬ್,” ಆಟಗಾರರು ಎಂದೆ.

“ತುಮ್ ಜಾನ್ತಾ ಹೈ?”

“ನಹೀ.”

“ಏಕ್ ಭೀ ನಹೀ?”

“ನಹೀ ಸಾಬ್.”

ಆರುನೂರು ಅಪರಿಚಿತರ ಫೋಟೋಗಳನ್ನು ದುಡ್ಡು ಕೊಟ್ಟು ತರಿಸಿಕೊಂಡ ನನ್ನನ್ನು ಅವರು ಕನಿಕರದಿಂದ ನೋಡಿದರು. “ಖಲಾಸ್. ಯಲ್ಲಾ, ಲೇಕೆ ಜಾವ್,” ಆಯಿತು, ತೆಗೆದುಕೊಂಡು ಹೋಗು ಎಂದು ಠಸ್ಸೆ ಒತ್ತಿದರು. ಆರೋಗ್ಯ ನೋಡಿಕೋ ಎಂದೂ ಹೇಳಿದರು.

ಮನೆಗೆ ತಂದಾಗ ಸುಮ ರಟ್ಟಿನ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟಳು. ಪೆಟ್ಟಿಗೆಗೆ ಮಾತ್ರ, ಒಳಗಿನ ಕಾರ್ಡು ಒಂದನ್ನೂ ಮುಟ್ಟಲಿಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಎಂದರೆ, ಈ ಇಡೀ ವ್ಯವಹಾರದಲ್ಲಿ ಬುದ್ಧಿವಂತಿಕೆಯ ಕೆಲಸ ಅಂತ ನಡೆದದ್ದು ಅದೊಂದೇ.

ಡೇವ್ ಆಗ ರಜೆಯ ಮೇಲೆ ಊರಿಗೆ ಹೋಗಿದ್ದ. ಚೆನ್ನಾಗಿ ಕಂಡ ಮೂವತ್ತು ಕಾರ್ಡುಗಳ ಫೋಟೋ ತೆಗೆದು ಈಮೇಲ್ ಕಳಿಸಿದೆ. ಮರುದಿನವೇ ಉತ್ತರ. “ಇಪ್ಪತ್ತೊಂಬತ್ತು ಕಸ. ಆದರೆ ಎರಡನೇ ಸಾಲಿನ ಕೊನೆಯದು ಅಸಲಿ ಎಂದು ಕಾಣುತ್ತದೆ. ಹೌದಾದರೆ ನಾನೇ ಕೊಳ್ಳುತ್ತೇನೆ. ಶುಕ್ರವಾರ ಬರುತ್ತೇನೆ. ಅಲ್ಲಿಯವರೆಗೆ ಜೋಪಾನವಾಗಿಡು!”

ನಾನು ಕುಣಿದೆ. ಸುಮಳನ್ನೂ ಕುಣಿಸಲು ನೋಡಿದೆ. ಅವಳು ಕಾರ್ಡನ್ನು ಬೀರುವಿನಲ್ಲಿ ಸೀರೆಗಳ ಮಧ್ಯೆ ಇಟ್ಟು, “ಅವರು ಬರೋ ತನಕ ಮುಟ್ಟಬೇಡಿ,” ಎಂದಳು. ಅವಳ ಮುಖದಲ್ಲೂ ಮೊದಲ ಸಲ ಆಸೆ ಕಂಡಿತು. ಅಂಗಡಿಗೆ ಫೋನ್ ಮಾಡಿ, ಆ ಮಷೀನು ಇನ್ನೂ ಇದೆಯೇ ಎಂದೂ ಕೇಳಿದಳು.

ಆದರೆ ಜೋಪಾನ ಎಂದರೆ ಸೀರೆಯ ಮಧ್ಯೆ ಇಡುವುದೇ? ನಮ್ಮ ಮೈಸೂರಿನ ಮನೆಯಲ್ಲಿ ಜೋಪಾನ ಎಂಬುದಕ್ಕೆ ಒಂದೇ ಅರ್ಥ: ಲ್ಯಾಮಿನೇಷನ್! ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಮ್ಮನ ಕನ್ನಡಕದ ಚೀಟಿ, ರೇಷನ್ ಕಾರ್ಡು, ನನ್ನ ಜಾತಕ, ಎಲ್ಲವನ್ನೂ ಅಪ್ಪ ಲ್ಯಾಮಿನೇಟ್ ಮಾಡಿಸಿದ್ದರು. ಲ್ಯಾಮಿನೇಷನ್ ಆಗದ ಕಾಗದ ಕಾಗದವೇ ಅಲ್ಲ ಎಂಬುದು ಅವರ ಸಿದ್ಧಾಂತ. ಇಂದಿಗೂ ನನ್ನ ಜಾತಕವನ್ನು ನೀರಲ್ಲಿ ಅದ್ದಿ ತೆಗೆಯಬಹುದು.

ಗುರುವಾರ ಬೆಳಿಗ್ಗೆ ಸುಮ ತರಕಾರಿಗೆ ಹೋದಾಗ ಬೀರು ತೆಗೆದೆ. ಕಾರ್ಡನ್ನು ಲೆನ್ಸಿನಲ್ಲಿ ನೋಡಿದೆ. ಅಯ್ಯೋ! ಮೇಲೆ ಕಂದು ಕಲೆ. ಮೂಲೆಗಳು ಮೊಂಡು. ಒಂದು ಅಂಚು ಸೊಟ್ಟ. ಇಂಥ ಮಾಲು ನನ್ನ ಕೈಯಿಂದ ಪಾಸಾಗಿ ಹೋಗುವುದೇ? ನಮ್ಮ ಪ್ಲಾಂಟಿನಲ್ಲಿ ದೋಷ ಕಂಡರೆ ರೀವರ್ಕ್ ಮಾಡಿಸಿ ಆಮೇಲೆ ತೋರಿಸುವುದು ಪದ್ಧತಿ.

ಒದ್ದೆ ಹತ್ತಿಗೆ ಚೂರು ಸೋಪು ತಾಗಿಸಿ ಕಲೆ ತೆಗೆದೆ. ಕಲೆಯ ಜೊತೆ ಹೊಳಪೂ ಹೋಯಿತು, ಆದರೂ ಸ್ವಚ್ಛ ಸ್ವಚ್ಛವೇ. ಅಲ್ಲಿಂದ ನೇರ ಹಂಸಕ್ಕನ ಟೈಪಿಂಗ್ ಸೆಂಟರಿಗೆ. ಹೆಸರು ಹಂಸಕ್ಕ ಎಂದಿದ್ದರೂ ಮಲಯಾಳಿ ಗಂಡಸು, ಅವರಲ್ಲಿ ‘ಇಕ್ಕ’ ಎಂದರೆ ಅಣ್ಣ, ಮೀಸೆಯಿದೆ. ಸೂರ್‌ನ ಅರ್ಧ ವೀಸಾ ಅರ್ಜಿಗಳು ಅವನ ಕೈಯಲ್ಲೇ ಹುಟ್ಟುತ್ತವೆ. ಅವನ ಕಟಿಂಗ್ ಮಷೀನಿನಲ್ಲಿ ನಾಲ್ಕೂ ಅಂಚು ಕತ್ತರಿಸಿದೆ. ಮೂಲೆಗಳು ಹೊಸ ಬ್ಲೇಡಿನಂತೆ ಚೂಪಾದವು!

“ಲ್ಯಾಮಿನೇಷನ್ ಸಾದಾ ಬೇಕೋ, ದಪ್ಪಂದು ಬೇಕೋ ಸಾರ್?” ಎಂದ ಹಂಸಕ್ಕ.

“ದಪ್ಪಂದೇ ಹಾಕು. ಎರಡೂ ಕಡೆ. ಖರ್ಚಿಗೆ ಹೆದರುವವನಲ್ಲ ನಾನು.”

ಬಿಸಿ ಉರುಳೆಗಳ ನಡುವೆ ಹೋಗಿ ಕಾರ್ಡು ಆಚೆ ಬಂದಾಗ ನನ್ನ ಕಣ್ಣು ತುಂಬಿತು. ಒಂದು ಗುಳ್ಳೆಯಿಲ್ಲ, ಒಂದು ಸುಕ್ಕಿಲ್ಲ. ಸುಮಳಿಗೂ ಹೇಳದೆ ಮೆಲ್ಲಗೆ ಸೀರೆಗಳ ಮಧ್ಯೆ ಇಟ್ಟುಬಿಟ್ಟೆ.

ಶುಕ್ರವಾರ ಡೇವ್ ಮಧ್ಯಾಹ್ನದ ಊಟಕ್ಕೇ ಬಂದ. ಸುಮ ಬಿಸಿಬೇಳೆಬಾತು ಮಾಡಿದ್ದಳು. ಅವನು ಮೊದಲು ಕಾರ್ಡು ನೋಡೋಣ ಎಂದು ಜೇಬಿನಿಂದ ತೆಳು ಹತ್ತಿಯ ಕೈಗವಸು ತೆಗೆದು, ಆಪರೇಷನ್ನಿಗೆ ಹೊರಟ ಡಾಕ್ಟರಂತೆ ಹಾಕಿಕೊಂಡ. ನಾನು ಬೆಳ್ಳಿ ತಟ್ಟೆಯಲ್ಲಿ, ಪಕ್ಕಕ್ಕೊಂದು ಹೂವಿಟ್ಟು, ಕಾರ್ಡು ತಂದೆ.

ಅವನು ನೋಡಿದ. ತಿರುಗಿಸಿ ಇನ್ನೊಮ್ಮೆ ನೋಡಿದ.

“ಲ್ಯಾಮಿನೇಟ್ ಆಗಿದೆ,” ಎಂದ ಕೊನೆಗೆ.

“ನೂರಿಪ್ಪತ್ತೈದು ಮೈಕ್ರಾನ್ ದಪ್ಪ!” ಎಂದೆ ಹೆಮ್ಮೆಯಿಂದ. “ಎರಡೂ ಕಡೆ!”

“ಇದರ ಮೂಲೆಗಳು ದುಂಡಗಿದ್ದವಲ್ಲ?”

“ಸರಿ ಮಾಡಿಸಿದೆ.”

“ಮೇಲೊಂದು ಕಲೆಯಿತ್ತು.”

“ತೊಳೆದೆ!”

ಡೇವ್ ನಿಧಾನವಾಗಿ ಒಂದು ಕೈಗವಸು ತೆಗೆದ. ಆಮೇಲೆ ಇನ್ನೊಂದು. ಆಮೇಲೆ ಕುಡಿಯಲು ನೀರು ಕೇಳಿದ. ಕಾರ್ಡು ಹೇಗಿತ್ತೋ ಹಾಗೆ, ಕಲೆ ಮೊಂಡು ಸಮೇತ ಇದ್ದಿದ್ದರೆ, ಹತ್ತಕ್ಕೆ ಆರು ಬರುತ್ತಿತ್ತಂತೆ. ಹತ್ತು ವರ್ಷದಿಂದ ಅವನು ಹುಡುಕುತ್ತಿದ್ದ ಕಾರ್ಡಂತೆ. ಕತ್ತರಿಸಿದ್ದನ್ನು, ತೊಳೆದದ್ದನ್ನು, ಅಂಟಿಸಿದ್ದನ್ನು ಯಾರೂ ಗ್ರೇಡ್ ಮಾಡುವುದೇ ಇಲ್ಲವಂತೆ. ವಿನಾಯಕನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ.

“ಹಾಗಾದರೆ ಈಗ ಇದು ಏನು?” ಎಂದು ಕೇಳಿದೆ.

“ಈಗ ಇದು ವಾಟರ್‌ಪ್ರೂಫ್,” ಎಂದ ಡೇವ್.

ಸುಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸುಮ್ಮನೆ ಫೋನ್ ತೆಗೆದುಕೊಂಡು, ಆ ಮಷೀನನ್ನು ಬೇರೆಯವರಿಗೆ ಕೊಡಿ ಎಂದು ಅಂಗಡಿಯವನಿಗೆ ಹೇಳಿದಳು. ನನಗೆ ನಿಜಕ್ಕೂ ನಾಚಿಕೆಯಾಯಿತು. ಬಿಸಿಬೇಳೆಬಾತು ಎರಡು ಸಲ ಮಾತ್ರ ಹಾಕಿಸಿಕೊಂಡೆ.

ಎಂಟು ತಿಂಗಳಾಯಿತು. ಬಟ್ಟೆ ನಾನೇ ಒಗೆಯುತ್ತಿದ್ದೇನೆ. ಟೆರೇಸಿನ ಮೇಲೆ ಹರವಿದ ಬಟ್ಟೆಗಳ ತಪಾಸಣೆ ಈಗ ಸುಮಳದು. “ಕಾಲರ್ ರಿಜೆಕ್ಟ್. ರೀವರ್ಕ್!” ಎನ್ನುತ್ತಾಳೆ, ಒಂದು ಚುಕ್ಕೆಯೂ ಅವಳ ಕಣ್ಣಿಂದ ತಪ್ಪಿಸಿಕೊಳ್ಳುವುದಿಲ್ಲ. ಆ ಕಾರ್ಡು ಬಚ್ಚಲಲ್ಲಿ ಬಟ್ಟೆ ಸೋಪಿನ ಅಡಿಯಲ್ಲಿದೆ. ಹಂಸಕ್ಕನ ಕೆಲಸ ಅಂದರೆ ಕೆಲಸ, ಈವರೆಗೆ ಒಂದು ಹನಿ ನೀರು ಒಳಗೆ ಹೋಗಿಲ್ಲ.

ಮೊನ್ನೆ ನಾನು ಮೊಣಕಾಲವರೆಗೆ ಪಂಚೆ ಕಟ್ಟಿ, ಬ್ರಷ್ ಎತ್ತಿ ಹಿಡಿದು, ನೊರೆಯ ಮಧ್ಯೆ ಕೂತಿದ್ದಾಗ ಸುಮ ಕ್ಯಾಮೆರಾ ತಂದು ಕ್ಲಿಕ್ ಎನಿಸಿದಳು. ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ನನ್ನ ಕೈಗೆ ಕೊಟ್ಟಳು.

“ಮೊದಲನೇ ವರ್ಷದ ಫೋಟೋ. ಮುಂದೆ ಭಾರಿ ಬೆಲೆ ಬರತ್ತೆ. ದಯವಿಟ್ಟು ಲ್ಯಾಮಿನೇಷನ್ ಮಾತ್ರ ಮಾಡಿಸ್ಬೇಡಿ!”

ಮಾಡಿಸಲಿಲ್ಲ ಸ್ವಾಮೀ. ಅಷ್ಟೂ ಕಲಿಯದಷ್ಟು ದಡ್ಡನೇ ನಾನು? ಆ ಸ್ಟುಡಿಯೋದವನ ಕೈ ಮಾತ್ರ ಸರಿಯಿಲ್ಲ, ಒಂದು ಅಂಚು ಕೊಂಚ ಸೊಟ್ಟಗಿತ್ತು. ಕತ್ತರಿಸಿ ಸರಿ ಮಾಡಿದೆ!