ಚಾಚಕ್‌ನಲ್ಲಿ ಯಾರೂ ಸಾಯದ ವಾರ

ಸ್ವೆತೋಜಾರನ ತಲೆ ಬೋಳು ಎಂಬುದು ಚಾಚಕ್ ಊರಿಗೆಲ್ಲ ಗೊತ್ತಿದ್ದ ಸಂಗತಿ. ಅದು ಅಂತರ್ಜಾಲಕ್ಕೂ ಗೊತ್ತಾಗಿಬಿಟ್ಟದ್ದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ. ಫುಟ್‌ಬಾಲ್ ಸುದ್ದಿ ತೆರೆದರೆ ಕೂದಲೆಣ್ಣೆ, ಹವಾಮಾನ ತೆರೆದರೆ ಕೂದಲೆಣ್ಣೆ. ಟಿವಿಯಲ್ಲೂ ಧಾರಾವಾಹಿಯ ನಡುವೆ ಸೊಂಪಾದ ಕೂದಲಿನವನೊಬ್ಬ ಬಂದು "ಇನ್ನೂ ಯೋಚಿಸುತ್ತಿದ್ದೀರಾ?" ಎಂದು ಕೇಳುತ್ತಿದ್ದ. ಹೆಂಡತಿ ರೂಜಾ ಆಗ ಗಂಡನ ತಲೆಯನ್ನೊಮ್ಮೆ ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

ಒಂದು ಭಾನುವಾರ ಅವನು ಧರ್ಮಯುದ್ಧ ಸಾರಿದ. ಬೆಳಗಿನಿಂದ ರೌಟರ್ ಮುಂದೆ ಕೂತು, ಮನೆಗೆ ಬರುವ ಇಂಟರ್‌ನೆಟ್‌ಗೆಲ್ಲ ಒಂದೇ ಹೆಬ್ಬಾಗಿಲು ಇಟ್ಟು, ಜಾಹೀರಾತು ಎಂಬ ಪದ ಯಾವ ವಿಳಾಸದಲ್ಲಿದ್ದರೂ ಹೊರಗೇ ತಡೆಯುವಂತೆ ಅಪ್ಪಣೆ ಬರೆದ.

"ಫೈರ್‌ವಾಲ್ ಹಾಕಿದೀನಿ! ಇನ್ನು ಒಂದು ನೊಣ ಒಳಗೆ ಬರಲಿ ನೋಡೋಣ!"

"ಇಷ್ಟು ಹುರುಪಿದ್ರೆ ಬಚ್ಚಲುಮನೆ ನಲ್ಲಿ ರಿಪೇರಿ ಮಾಡು ಮಾರಾಯ," ಎಂದಳು ರೂಜಾ. (ನಲ್ಲಿ ಈಸ್ಟರ್ ಹಬ್ಬದಿಂದಲೂ ಸೋರುತ್ತಿತ್ತು. ಮಹಾಪುರುಷರಿಗೆ ನಲ್ಲಿಯೆಲ್ಲ ಕಣ್ಣಿಗೆ ಬೀಳುವುದಿಲ್ಲ.)

ಸ್ವೆತೋಜಾರನ ತಾಯಿ ಮಿಲುಂಕಾ ಮುದುಕಿಗೆ ಬೆಳಗಿನ ಕಾಫಿಯ ಜೊತೆ ಪತ್ರಿಕೆಯ ಮರಣವಾರ್ತೆ ಓದದಿದ್ದರೆ ದಿನವೇ ಸಾಗದು. ಊರಿನ ಕಂಬಗಳಿಗೆ ಅಂಟಿಸುವ ಸಾವಿನ ಚೀಟಿ ನೋಡಿಬರಲು ಮೊಣಕಾಲು ಬಿಡದ್ದರಿಂದ ಈಗೀಗ ಟ್ಯಾಬ್ಲೆಟ್‌ನಲ್ಲೇ ಓದುತ್ತಿದ್ದಳು. ಅವಳು ಮಗನ ಕಾರು ಹತ್ತಿ ಹೋಗಿ ಕಣ್ಣೀರಿಡದೆ ಊರಲ್ಲಿ ಒಂದು ಹೆಣವೂ ಸುಖವಾಗಿ ಮಣ್ಣು ಸೇರಿದ್ದಿಲ್ಲ.

ಸೋಮವಾರ ಪುಟ ಖಾಲಿ. "ದೇವರು ದೊಡ್ಡವನು," ಎಂದು ಶಿಲುಬೆಯ ಗುರುತು ಮಾಡಿಕೊಂಡಳು. ಬುಧವಾರವೂ ಖಾಲಿ. "ಆಸ್ಪತ್ರೆಗೆ ಹೊಸ ಡಾಕ್ಟರ್ ಬಂದಿದಾನೇನೇ ರೂಜಾ?" ಶುಕ್ರವಾರದ ಹೊತ್ತಿಗೆ ಅವಳಿಗೆ ಊಟ ಸೇರಲಿಲ್ಲ. "ಒಬ್ಬರೂ ಸಾಯಲ್ಲ ಅಂದ್ರೆ ಇಂಥ ಊರಲ್ಲಿ ಬದುಕೋದಾದ್ರೂ ಹೇಗೆ?" ಎಂದು ಇಸ್ತ್ರಿ ಮಾಡಿಟ್ಟ ಕಪ್ಪು ಉಡುಪನ್ನು ಮತ್ತೆ ಬೀರುವಿಗೆ ಸೇರಿಸಿದಳು.

ಶನಿವಾರ ಬಾಗಿಲು ತಟ್ಟಿದ ಸದ್ದಾಯಿತು. ಸ್ವೆತೋಜಾರನ ಕೂಮ ತಿಹೋಮಿರ್ ನಿಂತಿದ್ದ. ಕೂಮ ಎಂದರೆ ಮದುವೆಗೆ ಸಾಕ್ಷಿ ನಿಂತವನು, ಒಡಹುಟ್ಟಿದವನಿಗಿಂತ ಒಂದು ಕೈ ಮೇಲು. ಮೈಮೇಲೆ ಕಪ್ಪು ಕೋಟು, ಕೈಯಲ್ಲಿ ಕಾಫಿಪುಡಿ, ಸಕ್ಕರೆ, ಒಂದು ಬಾಟಲಿ ರಾಕಿಯಾ ಸಾರಾಯಿ. ಸಾವಿನ ಮನೆಗೆ ಒಯ್ಯುವ ಸಾಮಾನೆಲ್ಲ ಇತ್ತು. ಸ್ವೆತೋಜಾರನನ್ನು ತಬ್ಬಿಕೊಂಡು ಗಳಗಳನೆ ಅತ್ತ.

"ಕೂಮಾ, ನನಗ್ಯಾಕೋ ಹೇಳಲಿಲ್ಲ? ಯಾವಾಗ ಹೋದ್ರು?"

"ಯಾರು ಹೋದ್ರು?" ಅಡುಗೆಮನೆಯಿಂದ ಮಿಲುಂಕಾ ಲಗುಬಗೆಯಿಂದ ಬಂದಳು. ವಾರದಲ್ಲಿ ಮೊದಲ ಸಲ ಅವಳ ಕಣ್ಣು ಹೊಳೆಯುತ್ತಿತ್ತು.

ತಿಹೋಮಿರ್ ಗೋಡೆ ಹಿಡಿದುಕೊಂಡ. "ನೀವೇ ಅಮ್ಮಾ! ಗುರುವಾರ ನಮ್ಮ ಸ್ತಮೇನಾ ಚಿಕ್ಕಮ್ಮನ ಮಣ್ಣಾಯ್ತು. ನೀವು ಬರಲಿಲ್ಲ. ಮಿಲುಂಕಾ ಅಮ್ಮ ಮಣ್ಣಿಗೆ ಬಂದಿಲ್ಲ ಅಂದ್ರೆ ಅವರೇ ಹೋಗಿರಬೇಕು ಅಂತ ಊರೆಲ್ಲ ಮಾತಾಡಿಕೊಳ್ತಿದೆ."

"ಸ್ತಮೇನಾ?" ಮುದುಕಿ ಕುರ್ಚಿಯ ಮೇಲೆ ಕುಸಿದಳು. ಇಬ್ಬರೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಈ ಸಲದ ಕಣ್ಣೀರು ನಿಜವಾದದ್ದು. "ನಮಗೊಂದು ಫೋನ್ ಮಾಡಬಾರದಿತ್ತೇನೋ?"

"ನಿಮಗೆ ಫೋನಾ? ಪತ್ರಿಕೇಲಿ ಹಾಕಿಸಿದ್ದೆ. ಅಚ್ಚು ಹಾಕಿದವನಿಗಿಂತ ಮೊದಲು ನೀವು ಓದಿರ್ತೀರಿ ಅಂದುಕೊಂಡೆ!"

ಕಾಸು ಕೊಟ್ಟು ಹಾಕಿಸುವ ಮರಣವಾರ್ತೆಗಳೆಲ್ಲ ಪತ್ರಿಕೆಯ ಜಾಹೀರಾತು ವಿಭಾಗದಲ್ಲೇ ಇರುತ್ತವೆಂಬುದು ಸ್ವೆತೋಜಾರನಿಗೆ ಆಗ ಹೊಳೆಯಿತು. ಮುಖ ಎಲ್ಲಿಡಬೇಕೆಂದು ತಿಳಿಯದೆ ನಾಚಿಕೆಯಿಂದ ಹಿಡಿಯಾದ. ರೂಜಾ ಮೂಲೆಯಲ್ಲಿ ಮಿಣುಕುತ್ತಿದ್ದ ರೌಟರನ್ನೂ ಗಂಡನನ್ನೂ ಬೆರಳಿಂದ ತೋರಿಸಿದಳು.

ಮಿಲುಂಕಾ ಎದ್ದು ಒಳಗೆ ಹೋಗಿ ಕಪ್ಪು ಉಡುಪು ತೊಟ್ಟು ಬಂದಳು. ತಿಹೋಮಿರನ ಕೈಯಿಂದ ಕಾಫಿ, ಸಕ್ಕರೆ, ರಾಕಿಯಾ ಎಲ್ಲವನ್ನೂ ತೆಗೆದುಕೊಂಡು ಮೇಜಿನ ಮೇಲೆ ಸಾಲಾಗಿ ಇಟ್ಟಳು.

"ಅಮ್ಮಾ, ಅದು ಸತ್ತವರ ಮನೆಗೆ ಅಂತ ತಂದಿದ್ದು," ಎಂದು ತಿಹೋಮಿರ್ ತಡವರಿಸಿದ. "ಇಲ್ಲಿ ಯಾರೂ..."

"ನನ್ನ ಮಗ."

"ಇವನು ಇಲ್ಲೇ ನಿಂತಿದಾನಲ್ಲ?"

"ಸದ್ಯಕ್ಕೆ," ಎಂದಳು ಮಿಲುಂಕಾ.