ನೀಲವ್ವನ ಖಾನಾವಳಿಯಲ್ಲಿ ನಟ್ಟಿನ ಮಹಾಸಮರ

ಹಸಿದ ಜೀವಕ್ಕೆ ಅನ್ನವಾಗಿ, ಉಂಡ ಜೀವಕ್ಕೆ ನಿದ್ದೆಯಾಗಿ, ಸಕಲವನ್ನೂ ನಗುತ್ತ ನೋಡುವ ತಾಯಿ ಅನ್ನಪೂರ್ಣೆಗೆ ಮೊದಲ ಶರಣು. ಕಲಿಯುಗದ ಪ್ರಥಮ ಪಾದದಲ್ಲಿ, ಆಷಾಢದ ಒಂದು ಮಧ್ಯಾಹ್ನ, ತಹಶೀಲ್ದಾರ ಕಚೇರಿಯ ಬೇವಿನಡಿ ಇಪ್ಪತ್ತೆರಡು ವರುಷ ಅರ್ಜಿಗಳೆಂಬ ಅಸ್ತ್ರಗಳನ್ನು ಮಸೆದ ಲೇಖನಿಖಡ್ಗಧಾರಿ, ನಕಲುಪ್ರತಿಚಕ್ರವರ್ತಿ, ಬಾಂಡ್ ರೈಟರ್ ಈರಸಂಗಪ್ಪ ಹಲ್ಲು ಕಡಿದ ಕಥೆಯಿದು. ಕೇಳಿದವರ ಊಟ ಅರಗಲಿ.

ಕಚೇರಿಯೆದುರಿನ ನೀಲವ್ವನ ಖಾನಾವಳಿಯ ಬಿಸಿರೊಟ್ಟಿಯೇ ಆ ವೀರನ ಜಠರಾಗ್ನಿಗೆ ನಿತ್ಯದ ಆಹುತಿ. ಆದರೆ ಅವನಿಗೊಂದು ವ್ರತವಿತ್ತು: ರೊಟ್ಟಿ ಯಾರದಾದರೂ ಆಗಲಿ, ಶೇಂಗಾ ಚಟ್ನಿ ಮಾತ್ರ ಮನೆಯಾಕೆ ಗಂಗವ್ವನದೇ. ಅದು ಸ್ಟೀಲ್ ಡಬ್ಬಿಯೇರಿ ಅವನ ಚೀಲದಲ್ಲೇ ಸವಾರಿ ಬರುತ್ತಿತ್ತು. ಅಂದು ಚಟ್ನಿ ಸುರಿದು, ಎಣ್ಣೆ ಬಿಟ್ಟು, ಮೊದಲ ತುತ್ತು ಅಗಿದನೋ ಇಲ್ಲವೋ, 'ಕಟಕ್' ಎಂಬ ಘೋರನಿನಾದಕ್ಕೆ ದಂತದುರ್ಗವೇ ನಡುಗಿತು. ಉಗುಳಿದರೆ ಅಂಗೈಯಲ್ಲಿ ಕಬ್ಬಿಣದ ನಟ್ಟು!

"ಯಾರೂ ತಾಟು ಮುಟ್ಟಬ್ಯಾಡ್ರಿ!" ಎಂದು ಗರ್ಜಿಸಿದ. "ಇದು ಸಾಕ್ಷಿ! ಮೊದ್ಲ ಫೋಟೋ, ಆಮ್ಯಾಲ ಆಹಾರ ಸುರಕ್ಷತಾ ಅಧಿಕಾರಿಗೆ ದೂರು, ಅದರ ಬೆನ್ನಿಗೆ ನೋಟಿಸು, ಅದಕ್ಕೂ ಬಗ್ಗದಿದ್ರ ಗ್ರಾಹಕರ ಆಯೋಗ! ನೀಲವ್ವಾ, ನಿನ್ನ ಒಲಿ ಆರಸ್ತೀನಿ!"

"ಆರಸ್ರಿ. ನಾಳಿ ಎಲ್ಲಿ ಉಣ್ತೀರಿ?" ಎಂದಳು ನೀಲವ್ವ. "ಹದಿನೈದು ವರ್ಷದಾಗ ಒಂದ ಕೂದ್ಲ ಬಂದಿದ್ರ ಹೇಳ್ರೀ ಯಣ್ಣಾ. ನಟ್ಟು ಹಾಕಿ ರೊಟ್ಟಿ ಬಡ್ಯಾಕ ನಾ ಏನ್ ಗ್ಯಾರೇಜ್ ಇಟ್ಟೀನೇನು?"

ಮಾತು ಗಟ್ಟಿಯಿತ್ತು, ಕಣ್ಣು ಮಾತ್ರ ಒಲೆಯ ಕಡೆಗೇ ಹೋಯಿತು. ಗಂಡ ಹೋದ ಮೇಲೆ ಅವಳನ್ನು ಕಾಯ್ದದ್ದು ಆ ಒಲೆಯೊಂದೇ.

ವೀರನು ಕರುಣೆಗೆ ಬೆನ್ನು ತಿರುಗಿಸಿ ದೂರು ಬರೆಯತೊಡಗಿದ. ತಾಟಿನ ಸಮಸ್ತ ಪದಾರ್ಥಗಳೂ ಮೊಹರಾಗಬೇಕೆಂಬುದು ಅವನ ಶಾಸ್ತ್ರ: ರೊಟ್ಟಿ ಒಂದೂವರೆ, ಪುಂಡಿಪಲ್ಯ, ಉಳ್ಳಾಗಡ್ಡಿ, ಚಟ್ನಿಯ ಡಬ್ಬಿ. ಡಬ್ಬಿ ಎತ್ತಿದ. ಒಳಗೆ ಏನೋ 'ಗಲ್' ಎಂದಿತು.

ಮುಚ್ಚಳ ಸರಿಸಿ ಇಣುಕಿದರೆ, ಶೇಂಗಾಚೂರ್ಣದ ನಡುವೆ, ಆ ನಟ್ಟಿನ ಒಡಹುಟ್ಟಿದ ವಾಷರ್! ನಾಲ್ಕು ದಿನದಿಂದ ಗಂಗವ್ವ ಹೇಳುತ್ತಿದ್ದ ಮಾತು ಆಗ ಅಶರೀರವಾಣಿಯಂತೆ ಮೊಳಗಿತು: "ಮಿಕ್ಸರ್ ಗಡಗಡ ಅನ್ನಾಕತ್ತೈತಿ, ನಟ್ಟು ಸಡಲೈತಿ, ಒಂದೀಟು ಬಿಗೀರಿ." ತಾನು ಕೊಟ್ಟ ಉತ್ತರವೂ ನೆನಪಾಯಿತು: "ಪರಿಶೀಲನಾ ಮಾಡ್ತೀನಿ."

ವಾದಿಯೂ ಪ್ರತಿವಾದಿಯೂ ಒಂದೇ ಬನಿಯನ್ನಿನೊಳಗೆ ಬೆವರಿದರು. ಯಾರೂ ನೋಡಿರಲಿಲ್ಲ. ಮುಚ್ಚಳ ಒತ್ತಿದರೆ ಮುಗಿಯಿತು; ಗೆಲುವು ತನ್ನದೇ. ಅಷ್ಟರಲ್ಲಿ ಹೊತ್ತಿದ ವಾಸನೆ ಬಂತು. ನೀಲವ್ವ ಅವನ ಪೆನ್ನನ್ನೇ ನೋಡುತ್ತ ರೊಟ್ಟಿ ತಿರುವುವುದನ್ನು ಮರೆತಿದ್ದಳು. ಅವಳ ಹಂಚಿನಲ್ಲಿ ರೊಟ್ಟಿ ಹೊತ್ತಿದ್ದನ್ನು ಅವನು ಎಂದೂ ಕಂಡಿರಲಿಲ್ಲ.

ಡಬ್ಬಿಯನ್ನು ತೆರೆದು ಅವಳ ಮುಂದೆ ಸರಿಸಿದ.

ಅವಳು ನೋಡಿದಳು. ಮತ್ತೆ ನೋಡಿದಳು. "ಗ್ಯಾರೇಜು ನಿಮ್ಮ ಮನ್ಯಾಗ ಐತೇನ್ರೀ?" ಎಂದು, ಕೇಳದೆಯೇ ತನ್ನ ಚಟ್ನಿಯನ್ನು ಅವನ ತಾಟಿಗೆ ಬಡಿಸಿದಳು.

ಲೇಖನಿಖಡ್ಗಧಾರಿಯು ನಟ್ಟು-ವಾಷರುಗಳನ್ನು ಅರ್ಧ ಬರೆದ ದೂರಿನಲ್ಲೇ ಪೊಟ್ಟಣ ಕಟ್ಟಿ ಕಿಸೆಗಿಳಿಸಿ, ವ್ರತ ಮುರಿದು ಒಂದು ತುತ್ತು ಉಂಡ. ಉಪ್ಪು ತುಸು ಮುಂದಿತ್ತು, ಅನ್ನಲಿಲ್ಲ.

"ಅಕ್ಕಾ," ಎಂದ ತಲೆ ತಗ್ಗಿಸಿ, "ನಿಮ್ಮಲ್ಲಿ ನಟ್ಟು ಬಿಗಿಯೋ ಸಣ್ಣದೊಂದು ಪಾನಾ ಐತೇನ್ರೀ? ಸಂಜಿಗೆ ತಂದು ಕೊಡ್ತೀನಿ."